ಅರ್ಧ ಹಾಡಿಗೆ ಮೂರು ಅಂಕ

ನಾವು ಎರಡನೇ ವರ್ಷದಲ್ಲಿದ್ದಾಗ, ಓಕ್ ಮರಗಳು ಚಿಗುರುವ ಹೊತ್ತಿಗೆ, ಜುನುಸ್ ಅಗಾಯ್ ಒಂದು ದಿನ ತರಗತಿಗೆ ಬಂದು ತಮ್ಮ ಬಿಳಿ ಕಲ್ಪಾಕ್ ಟೋಪಿಯನ್ನು ಮೇಜಿನ ಮೇಲಿಟ್ಟು, ಈ ಸಲ ಪ್ರತಿಯೊಬ್ಬರೂ ಒಂದೊಂದು ಸಾವಿನ ಹಾಡು ತರಬೇಕು ಎಂದರು. ಬರುವಾಗ ಒಂದು ಕಟ್ಟು ಈರುಳ್ಳಿ ಹಿಡಿದುಕೊಂಡು ಬನ್ನಿ ಎನ್ನುವಷ್ಟು ಸಲೀಸಾಗಿ ಹೇಳಿದರು. ನಾವು ಮುಖ ಮುಖ ನೋಡಿಕೊಂಡೆವು.

ಅಗಾಯ್ ಎಂದರೆ ಮೇಷ್ಟ್ರು. ನಮ್ಮ ಹಳೇ ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ, ಹಲಗೆ ನೆಲ ಕಿರ್ರೆನ್ನುವ ಕಾರಿಡಾರಿನ ಕೊನೆಯಲ್ಲಿ ಅವರ ಜಾನಪದ ವಿಭಾಗ. ಕೆಳಗಿನ ಮಹಡಿಯಲ್ಲಿ ಕಾನೂನು ಓದುವವರಿದ್ದರು. ಮೊದಲ ವರ್ಷಕ್ಕೇ ಸೂಟು ತೊಟ್ಟು, ಮೆಟ್ಟಿಲ ಮೇಲೆ ನಮ್ಮನ್ನು ಕಂಡರೆ ದಾರಿ ತಪ್ಪಿ ಬಂದ ಕುರಿಗಳನ್ನು ನೋಡಿದ ಹಾಗೆ ನೋಡುತ್ತಿದ್ದರು. ಹಾಡು, ಕತೆ, ಒಗಟು ಓದಿ ಏನು ಮಾಡುತ್ತೀರಿ ಎಂದು ಕೇಳದ ಮನುಷ್ಯನನ್ನು ನಾನು ಬಿಷ್ಕೆಕ್‌ನಲ್ಲಿ ಆಗ ಕಂಡಿರಲಿಲ್ಲ, ಈಗಲೂ ಕಂಡಿಲ್ಲ. ಕೇಳಿದವರಿಗೆಲ್ಲ ನಾನು, ನಿಮ್ಮ ಸಾವಿಗೆ ಹಾಡು ಬೇಕಾದಾಗ ಬರುತ್ತೀರಲ್ಲ, ಆಗ ನೋಡಿಕೊಳ್ಳುತ್ತೇನೆ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಸಾವಿನ ಹಾಡಿಗೆ ಕೊಶೋಕ್ ಎನ್ನುತ್ತಾರೆ. ಸತ್ತವರನ್ನು ಪರದೆಯ ಹಿಂದೆ ಮಲಗಿಸಿ, ಈಚೆಗೆ ಹೆಂಡತಿಯೋ ಮಗಳೋ ಬಾಗಿಲಿಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈಯಿಟ್ಟು ಕೂತು, ಆ ಮನುಷ್ಯನ ಬಾಳನ್ನೆಲ್ಲ ಅಲ್ಲೇ ಹಾಡು ಕಟ್ಟಿ ಅಳುತ್ತಾಳೆ. ಗಂಡಸರಿಗೆ ಹಾಡಿಲ್ಲ, ಅವರು ಬೀದಿಯಿಂದಲೇ 'ಅಯ್ಯೋ ನನ್ನ ಒಡಹುಟ್ಟೇ' ಎಂದು ಕೂಗಿ ಅಳುತ್ತಾ ಬರಬೇಕು. ಬೆಟ್ಟದ ಊರುಗಳಲ್ಲಿ ಇದೆಲ್ಲ ಇನ್ನೂ ಚೆನ್ನಾಗಿಯೇ ನಡೆಯುತ್ತದೆ. ಪಟ್ಟಣದ ಮಹಡಿ ಮನೆಗಳಲ್ಲಿ ಹಾಡಬಲ್ಲವರು ಕಡಿಮೆಯಾಗಿದ್ದಾರೆ. ಅಗಾಯ್‌ರ ತಾಯಿ ತೀರಿಕೊಂಡಾಗ ಅವರ ನಾಲ್ಕನೇ ಮಹಡಿಯ ಮನೆಯಲ್ಲಿ ಹಾಡುವವರೇ ಇರಲಿಲ್ಲವಂತೆ. ಊರೂರು ಸುತ್ತಿ ಕೊಶೋಕ್ ಕೂಡಿಟ್ಟ ಮನುಷ್ಯ ತನ್ನ ತಾಯಿಯ ಮುಂದೆ ಸುಮ್ಮನೆ ನಿಂತಿದ್ದರಂತೆ. ಒಂದೇ ಒಂದು ಸಲ ಇದನ್ನು ನಮಗೆ ಹೇಳಿದ್ದರು.

ಅವರ ಕರಾರು ಸರಳವಾಗಿತ್ತು. ಹಾಡು ಎಲ್ಲೂ ಅಚ್ಚಾಗಿರಬಾರದು. ಬದುಕಿರುವ ಹೆಂಗಸಿನ ಬಾಯಿಂದ ಬಂದಿರಬೇಕು, ನಿಜವಾಗಿ ಸತ್ತವರಿಗಾಗಿ ಹಾಡಿದ್ದಿರಬೇಕು. ಫೋನಿನಲ್ಲಿ ಹಿಡಿದು ತಂದು ಜೂನ್ ತಿಂಗಳ ಪರೀಕ್ಷೆಯಲ್ಲಿ ಎಲ್ಲರೆದುರು ಕೇಳಿಸಬೇಕು. ತರದಿದ್ದವರು ಪಾಸಿಲ್ಲ. ನಮ್ಮಲ್ಲಿ ಅಂಕ ಐದಕ್ಕೆ; ಮೂರು ಬಂದರೆ ಜೀವ ಉಳಿಯಿತು, ಎರಡು ಬಂದರೆ ಹೋಯಿತು.

ಎಲ್ಲರಿಗಿಂತ ಹೆಚ್ಚು ಬೆವರಿದ್ದು ಚಿನಾರ. ಅವಳು ನನ್ನ ಪಕ್ಕದಲ್ಲಿ ಕೂರುವವಳು, ನಮ್ಮ ತರಗತಿಯಲ್ಲೇ ಜಾಣೆ. ಅವಳ ಅಮ್ಮ ತೆರಿಗೆ ಕಚೇರಿಯಲ್ಲಿದ್ದರು. ಮಗಳು ಲೆಕ್ಕಪತ್ರ ಕಲಿಯಬೇಕೆಂದು ಅವರ ಹಟ, ಸಾಹಿತ್ಯವೇ ಬೇಕೆಂದು ಇವಳ ಹಟ. ಕೊನೆಗೆ ಆದ ಒಪ್ಪಂದ ಇಷ್ಟು: ಒಂದೇ ಒಂದು ವಿಷಯದಲ್ಲಿ ಎರಡು ಬಂದರೂ ಮಾರನೇ ದಿನವೇ ಲೆಕ್ಕಪತ್ರದ ಕಾಲೇಜು. ಅಮ್ಮ ಅಲ್ಲಿಯ ಫಾರಂ ತಂದು ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿಯೂ ಇಟ್ಟಿದ್ದರು. ಚಿನಾರ ಹಾಲು ತೆಗೆಯುವಾಗಲೆಲ್ಲ ಅದನ್ನು ನೋಡಬೇಕಿತ್ತು.

ಸಾವಿನ ಹಾಡು ಹುಡುಕಲು ನಮ್ಮವರು ಪಟ್ಟ ಪಾಡು ಹೇಳತೀರದು. ಎರ್ಮೆಕ್ ಎಂಬ ಹುಡುಗ ತನ್ನ ಹಾಸ್ಟೆಲಿನ ಹಿಂದಿನ ಬೀದಿಯ ಸಾವಿನ ಮನೆಗೆ ಹೋಗಿ ಮೂಲೆಯಲ್ಲಿ ನಿಂತ. ಯಾರದೋ ತಂಗಿಯ ಮಗನಿರಬೇಕು ಎಂದುಕೊಂಡು ಮೊದಲು ಅವನಿಗೆ ತಟ್ಟೆ ತುಂಬ ಮಾಂಸ ಬಡಿಸಿದರು; ಆಮೇಲೆ ಕೈಗೆ ಗುದ್ದಲಿ ಕೊಟ್ಟು ಗುಂಡಿ ತೋಡಲು ಕಳಿಸಿದರು. ಸಂಜೆ ಅವನು ಅಂಗೈಯಲ್ಲಿ ಬೊಬ್ಬೆ ಹೊತ್ತು ಬಂದ, ಹಾಡು ಮಾತ್ರ ಬರಲಿಲ್ಲ.

ಚಿನಾರಳದ್ದು ಇನ್ನೂ ಕೆಟ್ಟದಾಯಿತು. ಸಾವಿನ ಮನೆಯೊಂದರ ಬಾಗಿಲಲ್ಲಿ ನಿಂತು ತೋಳಿನೊಳಗೆ ಫೋನು ಅಡಗಿಸಿ ಹಿಡಿದಿದ್ದಳು. ಹಾಡುತ್ತಿದ್ದ ಮುದುಕಿಗೆ ಬೆನ್ನಿನಲ್ಲೂ ಕಣ್ಣಿತ್ತೋ ಏನೋ, ರಾಗವೂ ತಪ್ಪದೆ ಪ್ರಾಸವೂ ತಪ್ಪದೆ ಇವಳನ್ನೂ ಹಾಡಿನೊಳಗೆ ಎಳೆದುಕೊಂಡಳು:

'ಬಾಗಿಲಲ್ಲಿ ನಿಂತ ಹುಡುಗಿ, ತೋಳಿನಲ್ಲೇನು ಬಚ್ಚಿಟ್ಟೆ,
ನನ್ನ ಕಣ್ಣೀರ ಕದ್ದೊಯ್ದು ಯಾವ ಸಂತೆಗೆ ಮಾರುತ್ತೀ?'

ಎಲ್ಲರೂ ತಿರುಗಿ ನೋಡಿದರು. ಚಿನಾರ ಅಲ್ಲಿಂದ ಓಡಿದವಳು ಬಸ್ಸು ಹತ್ತದೆ ಮನೆತನಕ ನಡೆದೇ ಬಂದಳು. ಇನ್ನು ಸತ್ತರೂ ಸಾವಿನ ಮನೆಗೆ ಹೋಗುವುದಿಲ್ಲ ಎಂದು ನನ್ನ ಹತ್ತಿರ ಅತ್ತಳು.

ಉಳಿದಿದ್ದ ದಾರಿ ಅವಳ ಅಜ್ಜಿ ಬುರುಲ್ ಆಪಾ. ನಾರಿನ್ ಕಡೆಯ ಬೆಟ್ಟದವರು. ವಯಸ್ಸಿನಲ್ಲಿ ಅವರ ಕೊಶೋಕ್ ಕೇಳಿ ಕಲ್ಲೂ ಕರಗುತ್ತಿತ್ತು ಎಂದು ನೆಂಟರು ಹೇಳುತ್ತಿದ್ದರು. ಅವರೂ ಅಜ್ಜ ಓಸ್ಮೋನ್ ಆತಾನೂ ಊರ ಅಂಚಿನ ಹಳೇ ಬೀದಿಯಲ್ಲಿ, ಅಂಗಳವಿದ್ದ ಪುಟ್ಟ ಮನೆಯಲ್ಲಿದ್ದರು. ನಾನು ತಲಾಸ್‌ನಿಂದ ಬಂದು ಹಾಸ್ಟೆಲಿನ ಸಾರು ಕುಡಿದು ಬಡಕಲಾದವಳು, ಶನಿವಾರ ಬಂತೆಂದರೆ ಚಿನಾರಳ ಬೆನ್ನು ಹಿಡಿದು ಆ ಮನೆಗೆ ಹೋಗಿಬಿಡುತ್ತಿದ್ದೆ. ಆಪಾ ಕರಿದ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಬಿಸಿಯಿರುವಾಗಲೇ ಜೇನಿನಲ್ಲಿ ಅದ್ದಿ ತಿನ್ನಬೇಕು. ಅದರ ಮುಂದೆ ಪದವಿ ಗಿದವಿ ಎಲ್ಲ ಆಮೇಲೆ.

ಚಿನಾರ ಕೇಳಿದ ಮಾತಿಗೆ ಆಪಾ ಹಿಟ್ಟು ನಾದುವುದನ್ನು ನಿಲ್ಲಿಸಿದರು. ಸಾವಿಲ್ಲದ ಮನೆಯಲ್ಲಿ ಆ ಹಾಡು ಹಾಡುವುದೆಂದರೆ ಸಾವನ್ನು ಕೈಹಿಡಿದು ಒಳಗೆ ಕರೆದ ಹಾಗೆ. ಬೇಕಾದರೆ ಜೋಗುಳ ಹಾಡುತ್ತೇನೆ, ಮದುವೆ ಹಾಡು ಹಾಡುತ್ತೇನೆ, ಅದೊಂದು ಕೇಳಬೇಡ ಎಂದರು. ಚಿನಾರಳ ಕಣ್ಣು ತುಂಬಿತು. ಫ್ರಿಜ್ಜಿನ ಮೇಲಿನ ಫಾರಂ ವಿಷಯ ಆಪಾಗೂ ಗೊತ್ತಿತ್ತು. ಪಾಪ, ಅವರೂ ಮುಖ ಆ ಕಡೆ ತಿರುಗಿಸಿಕೊಂಡರು.

ಆಗ ಒಲೆಯ ಪಕ್ಕದಿಂದ ಓಸ್ಮೋನ್ ಆತಾ ಬಾಯಿ ಹಾಕಿದರು.

"ನಂದೇ ಹಾಡು."

ಆತಾ ಮೂವತ್ತು ವರ್ಷ ಟ್ರಾಲಿಬಸ್ ಓಡಿಸಿ ನಿವೃತ್ತರಾದವರು. ಎತ್ತರದ ಆಳು, ಅದಕ್ಕಿಂತ ಎತ್ತರದ ಕಲ್ಪಾಕು. ಹೋದ ಚಳಿಗಾಲದಲ್ಲಿ ಅವರ ಜೊತೆಗೆ ಟ್ರಾಲಿಬಸ್ ಓಡಿಸುತ್ತಿದ್ದ ಗೆಳೆಯನೊಬ್ಬ ತೀರಿಕೊಂಡಿದ್ದ. ಅವನ ಹೆಂಡತಿ ಅವನನ್ನು ಗಿಡುಗ ಎಂದೂ ಹುಲಿ ಎಂದೂ ಬೀದಿಯೆಲ್ಲ ನಡುಗುವ ಹಾಗೆ ಹಾಡಿದ್ದಳು. ಅಂದಿನಿಂದ ಆತಾಗೆ ಒಳಗೊಳಗೇ ಕೊರೆಯುತ್ತಿತ್ತು. ಆ ಗೆಳೆಯ ಗಾಡಿ ಹಿಂದಕ್ಕೆ ತೆಗೆಯುವಾಗ ಪ್ರತಿ ಸಲ ಕಂಬಕ್ಕೆ ಗುದ್ದುತ್ತಿದ್ದವನು. ಅಂಥವನೇ ಗಿಡುಗವಾದರೆ, ತನ್ನ ಹೆಂಡತಿ ತನ್ನನ್ನು ಏನೆಂದು ಹಾಡಬಹುದು? ಐವತ್ತು ವರ್ಷದ ಸಂಸಾರದಲ್ಲಿ ಬುರುಲ್ ಆಪಾ ಅವರನ್ನು ಹೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಸರಿಯಿದೆಯೋ ಎಂದು ಕೇಳುವಾಗಲೂ 'ಆ ಮುದುಕನನ್ನ ಕೇಳು' ಎನ್ನುತ್ತಿದ್ದರು.

"ಏನು ಮಾತಂತ ಆಡ್ತೀಯ ಮುದುಕಾ, ನಾಲಿಗೆ ಕಚ್ಕೋ," ಎಂದರು ಆಪಾ.

"ನಾನು ಸತ್ಮೇಲೆ ನೀನು ಹಾಡೋದನ್ನ ಇಡೀ ಬೀದಿ ಕೇಳುತ್ತೆ. ನಾನೊಬ್ಬನೇ ಕೇಳೋ ಹಾಗಿಲ್ಲ. ಇದು ಯಾವ ನ್ಯಾಯ?" ಎಂದರು ಆತಾ. "ಹುಡುಗಿ ಓದೂ ಉಳಿಯುತ್ತೆ, ನಂಗೂ ಒಂದು ಸಮಾಧಾನ ಆಗುತ್ತೆ. ಹಾಡ್ಬಿಡು ಮುದುಕಿ."

ಎರಡು ವಾರ ಈ ಜಗ್ಗಾಟ ನಡೆಯಿತು. ಆತಾ ಊಟ ಬಿಟ್ಟರು, ಅಂದರೆ ಆಪಾ ನೋಡುವಾಗ ಬಿಟ್ಟರು. ನಮ್ಮ ಚೀಲದಲ್ಲಿದ್ದ ಮಾಂಸದ ಸಮ್ಸಾಗಳನ್ನು ಅಂಗಳದಲ್ಲಿ ಕೂತು ತಿಂದಿದ್ದು ನನಗೆ ಗೊತ್ತು. ಕೊನೆಗೆ ಆಪಾ ಒಪ್ಪಿದರು, ಗಂಡನಿಗಾಗಿ ಅಲ್ಲ, ಮೊಮ್ಮಗಳ ಮುಖ ನೋಡಲಾರದೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿರಬೇಕು. ಮೊದಲು ಏಳು ರೊಟ್ಟಿ ಎಣ್ಣೆಯಲ್ಲಿ ಕರಿದು, ಹಿರಿಯರ ಹೆಸರು ಹೇಳಿ, ಕೆಟ್ಟದ್ದು ದೂರ ಹೋಗಲಿ ಎಂದು ಬೇಡಿಕೊಳ್ಳಬೇಕು. ಆತಾ ಪರದೆಯ ಹಿಂದೆ ಮಲಗಿ ಉಸಿರೆತ್ತಬಾರದು. ಕೆಮ್ಮಿದರೂ ಹಾಡು ನಿಲ್ಲುತ್ತದೆ ಎಂದು ಬೆದರಿಸಿದರು.

ಒಂದು ಗುರುವಾರದ ಮಧ್ಯಾಹ್ನ ಇದೆಲ್ಲ ಸಿದ್ಧವಾಯಿತು. ರೊಟ್ಟಿ ಕರಿದವಳು ನಾನೇ. ಮನೆಯೆಲ್ಲ ಹೊಗೆಯಾಯಿತೆಂದು ಅಡುಗೆಮನೆಯ ಗೋಡೆಯ ಮೇಲಿದ್ದ ಪುಟ್ಟ ಗವಾಕ್ಷಿ ತೆಗೆದೆ. ಅದೂ ಕಿಟಕಿಯೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಆಪಾ ಬಾಗಿಲಿಗೆ ಬೆನ್ನು ಹಾಕಿ ಕೂತರು. ಸೊಂಟಕ್ಕೆ ಕೈಯಿಟ್ಟರು. ಮೊದಲು ಒಂದು ಸಲ ಗಂಟಲು ಸರಿಮಾಡಿಕೊಂಡು ನಮ್ಮತ್ತ ತಿರುಗಿ, ಇದೇನು ಹುಚ್ಚಾಟ ಎಂಬಂತೆ ನಕ್ಕರು. ಆಮೇಲೆ ಹಾಡಿದರು:

'ಬೆಳ್ಳನೆ ಕಲ್ಪಾಕಿನವನೇ, ಬಾಗಿಲಿಗಿಂತ ಎತ್ತರದವನೇ,
ಎರಡು ಕೊಂಬಿನ ಕುದುರೆಯೇರಿ ಊರು ಸುತ್ತಿ ಬಂದವನೇ,
ಕೊಂಬು ಜಾರಿ ಬಿದ್ದಾಗೆಲ್ಲ ಕೈಯಲೆತ್ತಿ ಮಿಂಚಿಗೆ ಮುಡಿಸಿದವನೇ.'

ಟ್ರಾಲಿಬಸ್ಸಿನ ನೆತ್ತಿಯ ಎರಡು ಕಡ್ಡಿಗಳು ಮೇಲಿನ ವಿದ್ಯುತ್ ತಂತಿಯಿಂದ ಜಾರಿದಾಗ ಚಾಲಕ ಇಳಿದು ಬಂದು ಹಗ್ಗ ಎಳೆದು ಮತ್ತೆ ಸಿಕ್ಕಿಸುವುದನ್ನು ನಾವು ದಿನಾ ನೋಡುತ್ತಿದ್ದೆವು. ಅದು ಹೀಗೂ ಕಾಣಬಹುದು ಎಂದು ಯಾವ ತರಗತಿಯಲ್ಲೂ ಯಾರೂ ನಮಗೆ ಹೇಳಿರಲಿಲ್ಲ. ಪರದೆ ಸ್ವಲ್ಪ ಅಲುಗಾಡಿತು. ಒಳಗೆ ಆತಾ ಎದೆಯುಬ್ಬಿಸಿರಬೇಕು.

'ಹಿಮದಲಿ ಓಡಿ ಬಂದವರಿಗೆ ಬಾಗಿಲು ತೆರೆದು ಕಾದವನೇ,
ಮನೆಯಲಿ ನಾನು ಕಾಯುವಾಗ ಚದುರಂಗಕೆ ಕೂತು ಮರೆತವನೇ.'

ಪರದೆ ಮತ್ತೆ ಅಲುಗಿತು, ಈ ಸಲ ಬೇರೆ ರೀತಿ. ಚಿನಾರ ನಗು ತಡೆಯಲು ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಳು, ಫೋನು ಹಿಡಿದ ಕೈ ಮಾತ್ರ ಅಲುಗಲಿಲ್ಲ. ಆದರೆ ಆಪಾ ಈಗ ನಗುತ್ತಿರಲಿಲ್ಲ. ದನಿ ಕೆಳಗಿಳಿಯಿತು. ಎದುರಿಗಿದ್ದ ಗೋಡೆ ಬಿಟ್ಟರೆ ಲೋಕದಲ್ಲಿ ಬೇರೇನೂ ಇಲ್ಲವೆಂಬಂತೆ ಮೈ ತೂಗುತ್ತಾ ಹಾಡಿದರು:

'ಕಡೆಯ ನಿಲ್ದಾಣ ಬಂತೆಂದು ನನಗೊಂದು ಮಾತು ಹೇಳಲಿಲ್ಲ,
ಇಳಿದು ಹೋಗುವಾಗ ನನ್ನ ಕೈ ಹಿಡಿದು ಇಳಿಸಲಿಲ್ಲ.
ಮೊದಲ ದಿನ ನೀನು ನನ್ನ...'

ಬುರುಲ್ ಆಪಾ ಹುಡುಗಿಯಾಗಿ ಬೆಟ್ಟದಿಂದ ಪಟ್ಟಣಕ್ಕೆ ಬಂದ ದಿನ, ಎಲ್ಲಿ ಇಳಿಯಬೇಕೆಂದು ತಿಳಿಯದೆ ಟ್ರಾಲಿಬಸ್ಸಿನಲ್ಲಿ ಕಡೆಯ ನಿಲ್ದಾಣದವರೆಗೂ ಕೂತಿದ್ದರಂತೆ. ಚಾಲಕನೇ ಬಂದು ಕೈಹಿಡಿದು ಇಳಿಸಿದ್ದ. ಆ ಚಾಲಕ ಈಗ ಪರದೆಯ ಹಿಂದೆ ಉಸಿರು ಬಿಗಿಹಿಡಿದು ಮಲಗಿದ್ದ. ಮೊದಲ ದಿನ ಆ ಹುಡುಗಿಗೆ ತನ್ನ ಬಗ್ಗೆ ಏನನ್ನಿಸಿತೆಂದು ಅವರು ಐವತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲವಂತೆ. ಈಗ ಕೇಳಬಹುದಿತ್ತು.

ಅಷ್ಟರಲ್ಲಿ ಬೀದಿ ಬಾಗಿಲು ದಡಾರನೆ ತೆರೆಯಿತು.

"ಅಯ್ಯೋ ನನ್ನ ಒಡಹುಟ್ಟೇ, ನನ್ನ ಬೆಟ್ಟವೇ, ನನ್ನ ಬಿಟ್ಟು ಹೋದ್ಯಾ!"

ಪಕ್ಕದ ಮನೆಯ ಕಾದಿರ್. ಆತಾಗಿಂತ ಹತ್ತು ವರ್ಷ ಚಿಕ್ಕವನು. ಬೀದಿಯ ಕಾಲುವೆಯ ನೀರು ಯಾರ ತೋಟಕ್ಕೆ ಯಾವ ದಿನ ಎಂಬ ಜಗಳದಲ್ಲಿ ಇಬ್ಬರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಕಾದಿರ್ ಕಡೆಯವರ ಕೋಳಿ ಈ ಅಂಗಳಕ್ಕೆ ಬಂದರೂ ಆತಾ ಅದಕ್ಕೆ ಬೈಯುತ್ತಿದ್ದರು. ಗುರುವಾರವೆಂದರೆ ಸತ್ತವರ ಹೆಸರಿನಲ್ಲಿ ರೊಟ್ಟಿ ಕರಿಯುವ ದಿನ; ಇವತ್ತು ಆ ಎಣ್ಣೆಯ ವಾಸನೆ ಬಂದಿದೆ, ಗವಾಕ್ಷಿಯಿಂದ ಕೊಶೋಕ್ ಕೇಳಿದೆ. ನಮ್ಮವರಿಗೆ ಇಷ್ಟು ಸಾಕು. ಬರಿಗಾಲಲ್ಲಿ, ಬನಿಯನ್ನಿನಲ್ಲಿ, ಸಾವಿಗೆ ಅಳುವ ಗಂಡಸರು ಹಿಡಿಯುವ ಊರುಗೋಲಿನ ಬದಲು ಕೈಗೆ ಸಿಕ್ಕ ಸಲಿಕೆಯ ಕಾವಿಗೆ ಒರಗಿ ನಿಂತು ಅವನು ಅಳುತ್ತಿದ್ದ. ಅದು ಪದ್ಧತಿಗೆಂದು ಅಳುವ ಅಳುವಲ್ಲ. ಮೂಗಲ್ಲೂ ಬಾಯಲ್ಲೂ ನೀರು ಸುರಿಯುತ್ತಿತ್ತು. ನೀರಿನ ವಿಷಯಕ್ಕೆ ನಿನ್ನ ಹತ್ತಿರ ಒಂದು ಮಾತಾಡಬೇಕಿತ್ತು, ನಾಳೆ ಮಾತಾಡೋಣ ನಾಳೆ ಮಾತಾಡೋಣ ಅಂತಿದ್ದೆ ಎಂದು ಬಿಕ್ಕುತ್ತಿದ್ದ.

ಆಪಾ ಹಾಡು ನಿಲ್ಲಿಸಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಪರದೆ ಸರಿಯಿತು.

"ಒಡಹುಟ್ಟಾ? ನೀರು ಬಿಡೋ ದಿನ ಮಾತ್ರ ನಾನು ಯಾರೂ ಅಲ್ಲ, ಅಲ್ವೇನೋ?" ಎಂದರು ಆತಾ.

ಕಾದಿರ್ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಆತಾನ ಮುಖ ನೋಡಿದ, ಕಾಲು ನೋಡಿದ, ಮತ್ತೆ ಮುಖ ನೋಡಿದ. ಆಮೇಲೆ ಅವನ ಮುಖ ಕೆಂಪೇರಿತು.

"ಸತ್ತಿಲ್ವಾ ಅಣ್ಣಾ ನೀನು? ಹಂಗಾದ್ರೆ ನಾನು ಅತ್ತಿದ್ದನ್ನ ವಾಪಸ್ ಕೊಡು."

ಏಳು ರೊಟ್ಟಿಯಲ್ಲಿ ಮೂರನ್ನು ಅವನೇ ತಿಂದ. ಅವತ್ತಿನಿಂದ ಅವರಿಬ್ಬರ ಮಾತು ಮತ್ತೆ ಶುರುವಾಯಿತು, ಅಂದರೆ ಜಗಳ ಬಾಯಿಬಿಟ್ಟೇ ನಡೆಯತೊಡಗಿತು. ಎಲ್ಲವೂ ಚೆನ್ನಾಗಿಯೇ ಮುಗಿಯಿತು, ಒಂದನ್ನು ಬಿಟ್ಟು. ಉಳಿದ ಹಾಡು ಹಾಡಲು ಆಪಾ ಒಪ್ಪಲೇ ಇಲ್ಲ. ಕಾದಿರ್ ಬಂದದ್ದು ಹಿರಿಯರೇ ಕಳಿಸಿದ ಎಚ್ಚರಿಕೆ ಎಂದರು. ಉಳಿದದ್ದು ಬೇಕಾದ ದಿನ ತಾನೇ ಬರುತ್ತದೆ, ಅಲ್ಲಿಯವರೆಗೆ ಯಾರೂ ಆ ಮಾತೆತ್ತಬಾರದು. ಮೊದಲ ದಿನ ಏನಾಯಿತು ಹೇಳು ಎಂದು ಆತಾ ಅವರ ಹಿಂದೆ ಹಿಂದೆ ತಿರುಗಿದರು. ಆಪಾ ಸೌಟು ತೋರಿಸಿದರು.

ಚಿನಾರಳ ಬಳಿ ಈಗ ಅರ್ಧ ಕೊಶೋಕ್ ಇತ್ತು, ಅದರ ತುದಿಗೆ ಒಬ್ಬ ಗಂಡಸಿನ ಎದೆ ಬಿರಿಯುವ ಅಳು ಇತ್ತು. ಆತಾ ಎದ್ದು ಬೈದ ಜಾಗದಿಂದ ಮುಂದಕ್ಕೆ ಅವಳು ಕತ್ತರಿಸಿಬಿಟ್ಟಳು. ಎರ್ಮೆಕ್ ಅದನ್ನು ಕೇಳಿ, ಸಾವಿನ ಮನೆಯಲ್ಲಿ ಗುಂಡಿ ತೋಡಿದವನು ನಾನು, ಇದಕ್ಕಿಂತ ನಿಜವಾದದ್ದು ಇರಲಿಕ್ಕಿಲ್ಲ, ಅಜ್ಜ ತೀರಿಕೊಂಡರು ಎಂದುಬಿಡು, ಅಗಾಯ್ ಏನು ಮಣ್ಣಿಗೆ ಬರುತ್ತಾರಾ ಎಂದ. ಚಿನಾರ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಹಾಗೇ ಹೇಳುವುದೆಂದು ತೀರ್ಮಾನಿಸಿದಳು. ನನಗೆ ಅದು ಹಿಡಿಸಲಿಲ್ಲ, ಹಾಗೆಂದು ಹೇಳಿಯೂ ಹೇಳಿದೆ. ಲೆಕ್ಕಪತ್ರ ಓದುವವಳು ನೀನಲ್ಲವಲ್ಲ ಎಂದಳು.

ಪರೀಕ್ಷೆಯ ದಿನ ಆತಾ ಇಸ್ತ್ರಿ ಮಾಡಿದ ಕೋಟು ತೊಟ್ಟು ನಮ್ಮ ಜೊತೆಗೇ ಹೊರಟರು. ತನ್ನ ಸಾವಿಗೆ ಎಷ್ಟು ಅಂಕ ಬೀಳುತ್ತದೆಂದು ನೋಡದೆ ಮನೆಯಲ್ಲಿ ಕೂರಲು ಆಗುವುದಿಲ್ಲವಂತೆ. ಮೊಮ್ಮಗಳು ಮೇಲೆ ಏನು ಹೇಳಲಿದ್ದಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಟ್ಟಡದ ಎದುರು ಓಕ್ ಮರದ ಕೆಳಗಿನ ಬೆಂಚಿನ ಮೇಲೆ ಅವರನ್ನು ಕೂರಿಸಿದೆವು. ಪಕ್ಕದಲ್ಲೇ ಮಕ್ಸಿಮ್ ಮಾರುವವಳ ಪೀಪಾಯಿ ಇತ್ತು. ಒಂದು ಲೋಟ ಆ ಹುಳಿ ಅಂಬಲಿ ಕೈಗೆ ಕೊಟ್ಟು ಮೇಲೆ ಹತ್ತಿದೆವು.

ಅಗಾಯ್ ಅವತ್ತು ಯಾರನ್ನೂ ಬಿಡಲಿಲ್ಲ. ಒಬ್ಬಳು ತನ್ನ ಚಿಕ್ಕಮ್ಮನಿಂದ ಹಾಡಿಸಿಕೊಂಡು ಬಂದಿದ್ದಳು. ಎರಡು ಸಾಲಾಗುವಷ್ಟರಲ್ಲಿ ಅಗಾಯ್ ಕಣ್ಣು ಮುಚ್ಚಿಕೊಂಡೇ ಮೂರನೇ ಸಾಲು ತಾವೇ ಹೇಳಿ, ಇದು ಗ್ರಂಥಾಲಯದ ಎಡಗಡೆಯ ಕಪಾಟಿನಲ್ಲಿದೆ ಎಂದರು. ಎರ್ಮೆಕ್ ತನ್ನ ಬೊಬ್ಬೆ ತೋರಿಸಿ, ಎರಡನೇ ಸಲ ಹೋಗಿ ತಂದ ಹಾಡು ಕೇಳಿಸಿ, ನಾಲ್ಕು ಗಿಟ್ಟಿಸಿದ. ಆಮೇಲೆ ಚಿನಾರ.

ಫೋನು ಮೇಜಿನ ಮೇಲಿಟ್ಟಳು. ಆಪಾನ ದನಿ ಕೋಣೆ ತುಂಬಿತು. ಎರಡು ಕೊಂಬಿನ ಕುದುರೆ ಬಂದಾಗ ಅಗಾಯ್ ಕಣ್ಣು ತೆರೆದರು. ಕಡೆಯ ನಿಲ್ದಾಣ ಬಂದಾಗ ಅವರ ಕೈಯಲ್ಲಿದ್ದ ಪೆನ್ನು ನಿಂತಿತು. ಕಾದಿರ್‌ನ ಅಳು ಸಿಡಿದು ಹಾಡು ತುಂಡಾದಾಗ ನನ್ನ ಪಕ್ಕದ ಹುಡುಗಿ ಕಣ್ಣೊರೆಸಿಕೊಂಡಳು.

"ಯಾರಿಗೆ ಹಾಡಿದ್ದು?" ಎಂದು ಅಗಾಯ್ ಕೇಳಿದರು.

"ನಮ್ಮ ಅಜ್ಜನಿಗೆ," ಎಂದಳು ಚಿನಾರ. ಅದು ಸುಳ್ಳಲ್ಲ. "ಹಾಡಿದ್ದು ಅಜ್ಜಿ."

"ಯಾವಾಗ?"

"ಹೋದ ತಿಂಗಳು."

"ಆ ಗಂಡಸಿನ ಅಳು ಕೇಳಿದ್ರಾ?" ಎಂದು ಅಗಾಯ್ ನಮ್ಮೆಲ್ಲರತ್ತ ತಿರುಗಿ ಕೇಳಿದರು. "ಹಾಡನ್ನ ಕಟ್ಟಬಹುದು. ಅದನ್ನ ಕಟ್ಟೋಕಾಗಲ್ಲ."

ಅಂಕ ಬರೆಯುತ್ತಾರೆಂದು ನಾವು ಕಾದೆವು. ಅವರು ಪೆನ್ನು ಕೆಳಗಿಟ್ಟರು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ಸಾವಿನ ಸುದ್ದಿ ಕೇಳಿದ ಮನುಷ್ಯ ಮಾಡುವುದು ಅದನ್ನೇ. ಮೇಷ್ಟ್ರಾಗಲಿ, ಮಂತ್ರಿಯಾಗಲಿ, ಎದ್ದು ನಿಂತು ಹಾರೈಸಬೇಕು. ನಾವೂ ಎಲ್ಲ ಎದ್ದೆವು. ಅಗಾಯ್ ಎರಡೂ ಅಂಗೈ ಎದೆಯ ಮುಂದೆ ಬಿಚ್ಚಿ ಹಿಡಿದರು. "ನಿಮ್ಮಜ್ಜನ ಮಣ್ಣು ರೇಷ್ಮೆಯಾಗ್ಲಿ ಮಗಳೇ," ಎಂದರು. ಆ ಕೈಗಳು ಮುಖ ಸವರಿ ಕೆಳಗಿಳಿದರೆ ಹಾರೈಕೆ ಮುಗಿಯಿತು, ಸತ್ತವರು ಸತ್ತರು. ಕೈಗಳು ಮೇಲೇರತೊಡಗಿದವು.

ಚಿನಾರ ಮೇಜು ಸುತ್ತಿಕೊಂಡು ಹೋಗಿ ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೇಷ್ಟ್ರ ಕೈಯನ್ನು ಹಾಗೆ ಹಿಡಿದವರನ್ನು ಆ ಕಟ್ಟಡದಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಾರರು.

"ಫೇಲ್ ಮಾಡಿ ಅಗಾಯ್. ಕೈ ಮಾತ್ರ ಮುಖಕ್ಕೆ ಒಯ್ಯಬೇಡಿ. ಅವರು ಬದುಕಿದ್ದಾರೆ."

"ಎಲ್ಲಿ?"

"ಕೆಳಗೆ. ಮಕ್ಸಿಮ್ ಕುಡೀತಿದ್ದಾರೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಗಾಯ್ ಕೈ ಬಿಡಿಸಿಕೊಂಡು, ಅಂಗೈಗಳನ್ನು ಮುಖಕ್ಕೆ ಒಯ್ಯದೆ ನಿಧಾನವಾಗಿ ಕೋಟಿನ ಜೇಬಿಗಿಳಿಸಿ, ಕಿಟಕಿಯ ಹತ್ತಿರ ಹೋದರು. ಕೆಳಗೆ ಬೆಂಚಿನ ಮೇಲೆ ಬಿಳಿ ಕಲ್ಪಾಕು ಎದ್ದು ಕಾಣುತ್ತಿತ್ತು. ಆತಾ ಎರಡನೇ ಲೋಟ ಮುಗಿಸಿ, ಮಾರುವವಳಿಗೆ ಏನೋ ಕತೆ ಹೇಳುತ್ತಿದ್ದರು; ಬಹುಶಃ ತಮ್ಮ ಸಾವಿನದ್ದೇ.

"ಅತ್ತವನು?" ಎಂದರು ಅಗಾಯ್, ತಿರುಗದೆ.

"ಪಕ್ಕದ ಮನೆಯವರು. ಅವರಿಗೆ ಗೊತ್ತಿರ್ಲಿಲ್ಲ."

"ಅದಕ್ಕೇ ಹಾಗೆ ಅತ್ತಿದ್ದು," ಎಂದರು. ಆಮೇಲೆ ಕಲ್ಪಾಕ್ ತಲೆಗಿಟ್ಟು ಬಾಗಿಲತ್ತ ನಡೆದರು. ಅವರು ಮೂರು ಮಹಡಿ ಇಳಿದರು. ಹಿಂದೆ ಇಡೀ ತರಗತಿ, ಎಲ್ಲರಿಗಿಂತ ಹಿಂದೆ ಚಿನಾರ. ಸೂಟಿನ ಹುಡುಗರು ಗೋಡೆಗೆ ಸರಿದು ದಾರಿ ಬಿಟ್ಟರು.

ಬೆಂಚಿನ ಮುಂದೆ ನಿಂತು ಅಗಾಯ್ ಎರಡೂ ಕೈ ಚಾಚಿ ಹಿರಿಯರಿಗೆ ಸಲಾಂ ಹೇಳಿದರು. ಆತಾ ಅವರನ್ನು ಮೇಲಿಂದ ಕೆಳಗೆ ನೋಡಿ, ಸಾವಿಗೆ ಅಂಕ ಹಾಕುವ ಮೇಷ್ಟ್ರು ನೀವೇನಾ ಎಂದು ಕೇಳಿದರು. ಹೌದೆಂದರು ಅಗಾಯ್.

"ಹೇಗಿತ್ತು ನಂದು?"

"ಬಹಳ ಚೆನ್ನಾಗಿತ್ತು, ಹಿರಿಯರೇ. ಆದ್ರೆ ಅರ್ಧಕ್ಕೇ ನಿಂತಿದೆ."

"ಕಾದಿರ್ ಅನ್ನೋ ಕತ್ತೆ ನಡುವೆ ಬಂದ," ಎಂದರು ಆತಾ, ಇನ್ನೂ ಹೊಟ್ಟೆಯುರಿಯಿಂದ. "ಮೊದಲ ದಿನ ನೀನು ನನ್ನ... ಅಂತ ಅಷ್ಟೇ ಹೇಳಿದ್ಲು. ಮುಂದಿಂದು ನಿಮಗೇನಾದ್ರೂ ಗೊತ್ತಾ? ನೀವು ಎಲ್ಲಾ ಓದ್ಕೊಂಡೋರು."

"ಗೊತ್ತಿಲ್ಲ," ಎಂದರು ಅಗಾಯ್. "ಅದು ಯಾವ ಕಪಾಟಲ್ಲೂ ಇಲ್ಲ."

ಅವರು ಆತಾನ ಪಕ್ಕ ಕೂತು ತಾವೂ ಒಂದು ಲೋಟ ಮಕ್ಸಿಮ್ ತರಿಸಿ ಕುಡಿದರು. ನಾವು ಸುತ್ತ ನಿಂತಿದ್ದೆವು. ಚಿನಾರ ತಲೆ ತಗ್ಗಿಸಿ ತನ್ನ ಬೂಟಿನ ತುದಿ ನೋಡುತ್ತಿದ್ದಳು. ಫ್ರಿಜ್ಜಿನ ಮೇಲಿನ ಫಾರಂ ಅವಳ ಕಣ್ಣ ಮುಂದೆ ಬಂದಿರಬೇಕು. ಲೋಟ ಬರಿದಾದ ಮೇಲೆ ಅಗಾಯ್ ಅವಳನ್ನು ಹತ್ತಿರ ಕರೆದರು.

ಬದುಕಿರುವವರನ್ನು ಇನ್ನೊಮ್ಮೆ ಸಾಯಿಸಿದರೆ ತಾವೇ ಕೈಹಿಡಿದು ಲೆಕ್ಕಪತ್ರದ ಕಾಲೇಜಿಗೆ ಬಿಟ್ಟು ಬರುವುದಾಗಿ ಮೊದಲು ಗದರಿದರು. ಆಮೇಲೆ ಹೇಳಿದರು:

"ಹಾಡು ನಿಜ. ಅಳು ನಿಜ. ಸಾವು ಮಾತ್ರ ಇನ್ನೂ ಬಂದಿಲ್ಲ. ಅರ್ಧ ಹಾಡಿಗೆ ಮೂರು ಕೊಡ್ತೀನಿ. ಐದು ಬೇಕಾದ್ರೆ ಉಳಿದರ್ಧ ತರ್ಬೇಕು. ಯಾವ ವರ್ಷ ತಂದ್ರೂ ತಿದ್ದಿಕೊಡ್ತೀನಿ. ನಾನು ಇರ್ದಿದ್ರೆ, ನನ್ನ ಮೇಜಿನ ಹತ್ರ ಯಾರಿರ್ತಾರೋ ಅವರು ತಿದ್ತಾರೆ." ಆತಾಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ಅವಸರ ಮಾಡ್ಬೇಡ," ಎಂದರು.

ಮೂರು ಬಂತೆಂದರೆ ಪಾಸಾಯಿತು. ಚಿನಾರ ಆತಾನ ಭುಜಕ್ಕೆ ಮುಖವಿಟ್ಟು ಅತ್ತಳು. ಆತಾಗೆ ಮಾತ್ರ ಬೇಜಾರಾಯಿತು. ಐವತ್ತು ವರ್ಷ ಸಂಸಾರ ಮಾಡಿ, ಮೂವತ್ತು ವರ್ಷ ಗಾಡಿ ಓಡಿಸಿ, ಸತ್ತು ತೋರಿಸಿದರೂ ಬರೀ ಮೂರಾ ಎಂದು ದಾರಿಯುದ್ದಕ್ಕೂ ಗೊಣಗಿದರು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಬಿಷ್ಕೆಕ್‌ನಲ್ಲಿ ಈಗ ಟ್ರಾಲಿಬಸ್ಸೇ ಇಲ್ಲ. ನಾನು ಶಾಲೆಯೊಂದರಲ್ಲಿ ಸಾಹಿತ್ಯ ಹೇಳಿಕೊಡುತ್ತೇನೆ. ಚಿನಾರ ಆ ಮೂರನೇ ಮಹಡಿ ಬಿಟ್ಟು ಬರಲೇ ಇಲ್ಲ. ಅಗಾಯ್ ನಿವೃತ್ತರಾಗುವಾಗ ಮೇಜನ್ನೂ ಕಪಾಟುಗಳನ್ನೂ ಅವಳಿಗೇ ಒಪ್ಪಿಸಿ ಹೋದರು. ಜಾನಪದ ಕಲಿಸುವವಳ ಅಂಕಪಟ್ಟಿಯಲ್ಲಿ ಎಲ್ಲ ವಿಷಯಕ್ಕೂ ಐದು, ಜಾನಪದಕ್ಕೆ ಮಾತ್ರ ಮೂರು. ಕೆಲಸಕ್ಕೆ ಸಂದರ್ಶನ ಮಾಡಿದವರು ಇದೇನೆಂದು ಹುಬ್ಬೇರಿಸಿದರಂತೆ. ಇನ್ನೂ ಮುಗಿಸದ ಕೆಲಸವೊಂದಿದೆ, ಮುಗಿಸುವ ಮನಸ್ಸಿಲ್ಲ ಎಂದಳಂತೆ. ಅದನ್ನು ತಿದ್ದುವ ಅಧಿಕಾರ ಈಗ ಅವಳ ಕೈಯಲ್ಲೇ ಇದೆ.

ಆತಾಗೆ ತೊಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಮಂದ, ಕಲ್ಪಾಕು ಮಾತ್ರ ಅಷ್ಟೇ ಎತ್ತರ. ಕಾದಿರ್ ದಿನಾ ಬಂದು ನೀರಿನ ಜಗಳ ಆಡಿ ಚಹಾ ಕುಡಿದು ಹೋಗುತ್ತಾನೆ. ಬುರುಲ್ ಆಪಾ ಹಿಟ್ಟು ನಾದುವಾಗ ಒಮ್ಮೊಮ್ಮೆ ಆ ರಾಗ ಗುನುಗುತ್ತಾರೆ, ಗಂಡನ ಕೋಲಿನ ಸದ್ದು ಕೇಳಿದರೆ ನಿಲ್ಲಿಸುತ್ತಾರೆ. ನಾನೂ ಚಿನಾರಳೂ ಶನಿವಾರ ಈಗಲೂ ಹೋಗುತ್ತೇವೆ. ಜೂನ್ ತಿಂಗಳು ಬಂತೆಂದರೆ ಆತಾ ಒಲೆಯ ಪಕ್ಕದಿಂದ ತಪ್ಪದೆ ಕೇಳುತ್ತಾರೆ.

"ಏನಮ್ಮಾ, ನಿನ್ನ ಅಂಕ ತಿದ್ದಿದ್ರಾ?"

"ಇಲ್ಲ ಆತಾ. ಇನ್ನೂ ಮೂರೇ."

"ಹಂಗಾದ್ರೆ ಚಹಾ ಹಾಕು," ಎನ್ನುತ್ತಾರೆ ಆತಾ.